ಒರಳಿಗೆ ಬಿದ್ದ ಕಾಮಕಸ್ತೂರಿ

ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಒಂದು ಸಂಜೆ ನಾಲ್ಕು ಕಟ್ಟು ಕಾಮಕಸ್ತೂರಿ ಕೇಳಿದೆ. 'ಯಾವ ಪೂಜೆಗಪ್ಪಾ ಇಷ್ಟೊಂದು?' ಎಂದರು ಹೂ ಮಾರುವ ಅಜ್ಜಿ. ಪೂಜೆಗಲ್ಲ, ರಾತ್ರಿಯ ಅಡುಗೆಗೆ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಹಸಿರಾಗಿ ಇಣುಕಬೇಕಾದ ಎಲೆಯನ್ನು ಯಾರಾದರೂ ಅರೆದು ತಿನ್ನುತ್ತಾರೆಯೇ? ಆಕೆಯ ಅನುಮಾನ ಸಹಜವೇ. ಆದರೆ ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಜಿನೋವಾ ಎಂಬ ಇಟಲಿಯ ಬಂದರು ಪಟ್ಟಣದಲ್ಲಿ ಈ ಎಲೆಯನ್ನು ಅರೆಯದಿದ್ದರೆ ಊಟವೇ ಸಪ್ಪೆ.

ಅಲ್ಲಿ ಅದರ ಹೆಸರು ಬಸಿಲಿಕೊ. ಇಂಗ್ಲಿಷಿನವರ ಬೇಸಿಲ್. ಗ್ರೀಕ್ ಭಾಷೆಯಲ್ಲಿ 'ರಾಜನಿಗೆ ಸಲ್ಲುವಂಥದ್ದು' ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ಎಲೆಯನ್ನು ಬೆಳ್ಳುಳ್ಳಿ, ಕಲ್ಲುಪ್ಪು, ಪೈನ್ ಮರದ ಬೀಜ, ಎರಡು ಬಗೆಯ ಚೀಸ್ ಮತ್ತು ಆಲಿವ್ ಎಣ್ಣೆಯ ಜೊತೆ ಕಲ್ಲಿನಲ್ಲಿ ಅರೆದರೆ 'ಪೆಸ್ತೊ' ಸಿದ್ಧ. ಜಿನೋವಾದ ಆಡುಮಾತಿನಲ್ಲಿ ಕುಟ್ಟುವುದು, ಜಜ್ಜುವುದು ಎಂಬ ಕ್ರಿಯಾಪದದಿಂದ ಈ ಹೆಸರು ಹುಟ್ಟಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಕುಟ್ಟಿದ್ದು', ಅಷ್ಟೇ. ಚಟ್ನಿಯ ಹತ್ತಿರದ ನೆಂಟ. ಒಲೆಯ ಮುಖ ನೋಡದ ಈ ಹಸಿರು ಚಟ್ನಿಯನ್ನು ಬೇಯಿಸಿದ ಪಾಸ್ತಾ, ಆಲೂಗಡ್ಡೆ ಮತ್ತು ಹುರುಳಿಕಾಯಿಯ ಜೊತೆ ಕಲಸಿದರೆ ಅಲ್ಲಿನ ಮನೆಗಳ ರಾತ್ರಿ ಊಟ. ಒಂದೇ ಪಾತ್ರೆ, ಒಂದು ಒರಳು, ಅರ್ಧ ಗಂಟೆ.

ಕಾಮಕಸ್ತೂರಿ ಎಂದಾಗ ಕೆಲವರು ತುಳಸಿಯೆಂದು ತಿಳಿಯುವುದುಂಟು. ಎರಡೂ ಒಂದೇ ಕುಲದ ಸಸ್ಯಗಳು ಹೌದು, ಆದರೆ ಪ್ರಭೇದ ಬೇರೆ. ತುಳಸಿಯಲ್ಲಿ ಲವಂಗದ ವಾಸನೆ ಮುಂದಾಗಿರುತ್ತದೆ. ಲವಂಗಕ್ಕೆ ಆ ಘಾಟು ಕೊಡುವ ಯುಜೆನಾಲ್ ಎಂಬ ದ್ರವ್ಯವೇ ತುಳಸಿಯಲ್ಲೂ ಇರುವುದು ಕಾರಣ. ಕಾಮಕಸ್ತೂರಿಯ ಎಲೆ ದೊಡ್ಡದು, ನುಣುಪು, ಪರಿಮಳ ಮೆದು. ನಮ್ಮಲ್ಲಿ ಸಿಗುವ ಅನೇಕ ತಳಿಗಳಿಗೆ ಸೋಂಪಿನ ಛಾಯೆಯಿದೆ, ಜಿನೋವಾದ ತಳಿಗೆ ಅದಿಲ್ಲ. ತುಳಸಿಕಟ್ಟೆಯ ಎಲೆಯನ್ನು ಕಿತ್ತು ಪೆಸ್ತೊ ಮಾಡಲು ಹೊರಟರೆ ಮನೆಯಲ್ಲಿ ಬೈಸಿಕೊಳ್ಳುವುದು ಒಂದು ಕಡೆ, ರುಚಿಯೂ ಒದಗುವುದಿಲ್ಲ.

ನಾವು ಈ ಗಿಡಕ್ಕೆ ಕಾಮನ ಹೆಸರಿಟ್ಟೆವು. ಇಟಲಿಯವರು ಅದರ ಮೇಲೆ ಪ್ರೇಮದ ಕಥೆ ಕಟ್ಟಿದರು. 14ನೇ ಶತಮಾನದ ಬೊಕ್ಕಾಚಿಯೊ ಬರೆದ 'ಡೆಕಮೆರಾನ್'ನಲ್ಲಿ ಒಬ್ಬ ಹುಡುಗಿ, ತನ್ನ ಅಣ್ಣಂದಿರು ಕೊಂದ ಪ್ರಿಯನ ತಲೆಯನ್ನು ಕುಂಡದಲ್ಲಿಟ್ಟು ಅದರ ಮೇಲೆ ಬೇಸಿಲ್ ಬೆಳೆಸಿ ಕಣ್ಣೀರೆರೆಯುತ್ತಾಳೆ. ಊಟದ ಹೊತ್ತಿಗೆ ನೆನೆಯುವಂಥ ಕಥೆಯಲ್ಲ, ಬಿಡಿ.

ಡಚ್ ಚೀಸು, ಸ್ವಲ್ಪ ಬೆಣ್ಣೆ

ಪೆಸ್ತೊ ಎಷ್ಟು ಹಳೆಯದು? ಜಿನೋವಾದ ಹೋಟೆಲಿನವರನ್ನು ಕೇಳಿದರೆ ರೋಮನ್ನರ ಕಾಲಕ್ಕೆ ಕರೆದೊಯ್ಯುತ್ತಾರೆ. ಅದಕ್ಕೆ ಆಧಾರವೂ ಒಂದಿದೆ. ವರ್ಜಿಲ್ ಕವಿಯ ಹೆಸರಿಗೆ ಅಂಟಿಕೊಂಡು ಬಂದಿರುವ 'ಮೊರೆಟುಂ' ಎಂಬ ಲ್ಯಾಟಿನ್ ಪದ್ಯದಲ್ಲಿ ಒಬ್ಬ ಬಡ ರೈತ ನಸುಕಿನಲ್ಲೆದ್ದು ಬೀಸುಕಲ್ಲಿನಲ್ಲಿ ಹಿಟ್ಟು ಬೀಸುತ್ತಾನೆ, ಬೀಸುತ್ತಾ ಹಳ್ಳಿಯ ಹಾಡು ಹೇಳುತ್ತಾನೆ. ಆಮೇಲೆ ಬೆಳ್ಳುಳ್ಳಿ, ಚೀಸು, ಸೊಪ್ಪು, ಉಪ್ಪನ್ನು ಒರಳಲ್ಲಿ ಅರೆದು ಎಣ್ಣೆ ಬೆರೆಸುತ್ತಾನೆ. ಬೀಸುವ ಪದಗಳನ್ನು ಕೇಳಿ ಬೆಳೆದ ನಮಗೆ ಆ ರೈತ ಅಪರಿಚಿತನಲ್ಲ. ಆದರೆ ಅವನು ಅರೆದದ್ದು ಪೆಸ್ತೊ ಅಲ್ಲ, ಅದರ ಮುತ್ತಜ್ಜನಿರಬಹುದು ಅಷ್ಟೆ.

ಅಚ್ಚಿನಲ್ಲಿ ಸಿಗುವ ಹಳೆಯ ಪಾಕವಿಧಿಗಳಲ್ಲಿ ಹೆಸರಾದದ್ದು ಜಿಯೊವಾನ್ನಿ ಬತ್ತಿಸ್ತಾ ರಾತ್ತೊ ಎಂಬಾತನ ಜಿನೋವಾ ಅಡುಗೆ ಪುಸ್ತಕದ್ದು. ಅದು ಹೊರಬಂದದ್ದು 1863ರ ಸುಮಾರಿಗೆ. ಅಂದರೆ ನಮ್ಮ 1857ರ ದಂಗೆಗಿಂತಲೂ ಈಚಿನದು. ಪುಸ್ತಕದಲ್ಲಿ ಇರುವುದನ್ನು ಇಂದಿನ ಜಿನೋವಾದ ಮಡಿವಂತರು ಓದಿದರೆ ಮುಜುಗರಪಡುತ್ತಾರೆ. ಇಟಲಿಯ ಪಾರ್ಮೆಸಾನ್ ಜೊತೆಗೆ ಡಚ್ ಚೀಸ್ ಹಾಕಿರೆಂದು ಅದು ಹೇಳುತ್ತದೆ. ಸ್ವಲ್ಪ ಬೆಣ್ಣೆಯನ್ನೂ ಸೇರಿಸಿ ಅರೆಯಲು ಹೇಳುತ್ತದೆ. ಬೇಸಿಲ್ ಸಿಗದಿದ್ದರೆ ಮಾರ್ಜೊರಾಂ ಮತ್ತು ಪಾರ್ಸ್ಲಿ ಆದೀತು ಎನ್ನುತ್ತದೆ.

ಮಾರ್ಜೊರಾಂ ಎಂದರೆ ಯಾವುದು ಗೊತ್ತೇ? ನಮ್ಮ ಮರುಗ! ಅದೇ ಅಜ್ಜಿಯ ಬುಟ್ಟಿಯಲ್ಲಿ ಕಾಮಕಸ್ತೂರಿಯ ಪಕ್ಕದಲ್ಲಿ, ದವನದ ಜೊತೆ ಒದ್ದೆ ಗೋಣಿಯ ಮೇಲೆ ಮಲಗಿರುತ್ತದಲ್ಲ, ಅದು. ರಾತ್ತೊ ಹೇಳಿದ ಎರಡು ಎಲೆಗಳೂ ಬೆಂಗಳೂರಿನ ಒಂದೇ ಹೂವಿನ ಬುಟ್ಟಿಯಲ್ಲಿ ಸಿಗುತ್ತವೆ. ನಾವು ಅವನ್ನು ಮುಡಿಗೆ ಮತ್ತು ದೇವರಿಗೆ ಇಟ್ಟುಕೊಂಡೆವು, ಅವರು ಒರಳಿಗೆ ಹಾಕಿದರು. ಒಂದು ಎಲೆ ಒಂದು ಊರಿನಲ್ಲಿ ಆಹಾರವಾಗಿ ಇನ್ನೊಂದೂರಿನಲ್ಲಿ ಬರೀ ಪರಿಮಳವಾಗಿ ಉಳಿಯುವುದು ಹೇಗೆ ಎಂಬುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು.

ಡಚ್ ಚೀಸ್ ಸಂಗತಿಯನ್ನು ಸುಮ್ಮನೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬಂತು. ನನ್ನ ತಾಯಿ ಸಸ್ಯಾಹಾರಿ. ಪೆಸ್ತೊದ ಎರಡು ಅಸಲಿ ಚೀಸುಗಳಾದ ಪಾರ್ಮಿಜಿಯಾನೊ ರೆಜ್ಜಿಯಾನೊ ಮತ್ತು ಸಾರ್ಡೀನಿಯಾ ದ್ವೀಪದ ಕುರಿ ಹಾಲಿನ ಪೆಕೊರಿನೊ ಸಸ್ಯಾಹಾರಿಗಳಿಗೆ ಸಲ್ಲುವುದಿಲ್ಲ. ಹಾಲನ್ನು ಒಡೆಯಲು ಬಳಸುವ ರೆನ್ನೆಟ್ ಎಂಬ ಕಿಣ್ವ ಬರುವುದು ಎಳೆಗರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ. ಪಾರ್ಮಿಜಿಯಾನೊ ಎಂಬ ಹೆಸರು ಹಾಕಿಕೊಳ್ಳಬೇಕಾದರೆ ಕರುವಿನ ರೆನ್ನೆಟ್ಟನ್ನೇ ಬಳಸಬೇಕೆಂದು ನಿಯಮವಿದೆ. ಹೋಟೆಲಿನಲ್ಲಿ 'ವೆಜ್ ಪೆಸ್ತೊ ಪಾಸ್ತಾ' ಎಂದು ಮೆನುವಿನಲ್ಲಿ ನೋಡಿ ಧೈರ್ಯವಾಗಿ ತಿನ್ನುವವರು ಒಂದು ಸಲ ಯಾವ ಚೀಸ್ ಎಂದು ವಿಚಾರಿಸುವುದು ಲೇಸು. ಸೂಕ್ಷ್ಮಜೀವಿಗಳಿಂದ ತೆಗೆದ ರೆನ್ನೆಟ್ ಬಳಸಿ ನಮ್ಮ ದೇಶದಲ್ಲಿ ತಯಾರಿಸಿದ, ಹಸಿರು ಚುಕ್ಕೆಯಿರುವ ಗಟ್ಟಿ ಚೀಸುಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಅದನ್ನೇ ತಂದೆ. ಸಂಪ್ರದಾಯ ಕೆಟ್ಟಿತೆಂದು ಯಾರಾದರೂ ಹೇಳಿದರೆ ರಾತ್ತೊನ ಡಚ್ ಚೀಸ್ ತೋರಿಸಿದರಾಯಿತು.

ಮಾರ್ಕೊ ಪೋಲೊನ ಸುಳ್ಳು ಕೀರ್ತಿ

ಇನ್ನು ಪಾಸ್ತಾ. ಮಾರ್ಕೊ ಪೋಲೊ ಚೀನಾದಿಂದ ತಂದ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದು ನನ್ನ ತಲೆಯಲ್ಲೂ ಕುಳಿತಿತ್ತು. ಈ ಕಥೆ ಸುಳ್ಳೆಂದು ಸಾಬೀತು ಮಾಡಲು ಜಿನೋವಾದ ಒಂದೇ ಕಾಗದ ಸಾಕು. 1279ರಲ್ಲಿ ಅಲ್ಲಿನ ಉಗೊಲಿನೊ ಸ್ಕಾರ್ಪಾ ಎಂಬ ದಸ್ತಾವೇಜು ಬರಹಗಾರ ಪೊಂಜಿಯೊ ಬಸ್ತೊನೆ ಎಂಬ ಸೈನಿಕನ ಆಸ್ತಿಯ ಪಟ್ಟಿ ಮಾಡಿದ. ಅದರಲ್ಲಿ 'ಮಕರೋನಿ ತುಂಬಿದ ಒಂದು ಬುಟ್ಟಿ' ಎಂಬ ನಮೂದಿದೆ. ಮಾರ್ಕೊ ಪೋಲೊ ಪೂರ್ವದೇಶಗಳಿಂದ ಮರಳಿದ್ದು 1295ರಲ್ಲಿ. ಹದಿನಾರು ವರ್ಷ ಮೊದಲೇ ಜಿನೋವಾದಲ್ಲಿ ಮಕರೋನಿಯನ್ನು ಆಸ್ತಿಯೆಂದು ಬರೆದಿಡುತ್ತಿದ್ದರು. ಬುಟ್ಟಿಯಲ್ಲಿಟ್ಟು ಪಟ್ಟಿಗೆ ಸೇರಿಸಿದ್ದಾರೆಂದರೆ ಅದು ಒಣಗಿಸಿದ, ಕೆಡದ ಪಾಸ್ತಾವೇ ಇರಬೇಕು.

ತಮಾಷೆಯೆಂದರೆ ಮಾರ್ಕೊ ಪೋಲೊ ತನ್ನ ಪ್ರವಾಸದ ಕಥೆಯನ್ನು ಹೇಳಿ ಬರೆಸಿದ್ದು ಇದೇ ಜಿನೋವಾದ ಸೆರೆಮನೆಯಲ್ಲಿ! ವೆನಿಸ್‌ಗೂ ಜಿನೋವಾಕ್ಕೂ ನಡೆದ ಕಾಳಗದಲ್ಲಿ ಸೆರೆಸಿಕ್ಕ ಆತ 1298ರಲ್ಲಿ ಜೊತೆಯ ಕೈದಿ ರುಸ್ತಿಕೆಲ್ಲೊಗೆ ಅದನ್ನು ಹೇಳಿದ. ಪಾಸ್ತಾ ತಂದವನೆಂಬ ಕೀರ್ತಿ ಆತನಿಗೆ ಅಂಟಿದ್ದು ಬಹಳ ತಡವಾಗಿ. ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆಯೊಂದು 1929ರಲ್ಲಿ ಪ್ರಕಟಿಸಿದ ರಂಜನೆಯ ಕಥೆ ಅದನ್ನು ಮನೆಮಾತಾಗಿಸಿತು. ಪತ್ರಿಕೆಯವರು ಒಮ್ಮೆ ಅಚ್ಚು ಹಾಕಿದ ತಪ್ಪು ಎಷ್ಟು ದೂರ ಓಡುತ್ತದೆ ಎಂಬುದನ್ನು ನಾನು ಹೇಳುವಂತಿಲ್ಲ, ಅದೇ ಕಸುಬಿನವನು.

ಹಾಗಾದರೆ ಒಣ ಪಾಸ್ತಾ ಬಂದದ್ದೆಲ್ಲಿಂದ? 1154ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ ಭೂಗೋಳದ ಗ್ರಂಥ ಬರೆದ ಅಲ್ ಇದ್ರಿಸಿ ಎಂಬ ಅರಬ್ ವಿದ್ವಾಂಸ, ಪಲೆರ್ಮೊ ಸಮೀಪದ ತ್ರಾಬಿಯಾ ಎಂಬ ಊರಿನಲ್ಲಿ 'ಇತ್ರಿಯಾ' ಎಂಬ ಶ್ಯಾವಿಗೆಯನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ಕ್ರೈಸ್ತ, ಮುಸ್ಲಿಂ ನಾಡುಗಳೆರಡಕ್ಕೂ ಕಳಿಸುತ್ತಾರೆಂದು ದಾಖಲಿಸಿದ್ದಾನೆ. ಜಿನೋವಾದ ವರ್ತಕರು ಈ ಸರಕನ್ನು ಉತ್ತರಕ್ಕೆ ಸಾಗಿಸಿದರು. ಮುಂದೆ ತಾವೇ ತಯಾರಿಸಲೂ ಕಲಿತರು. 1574ರಲ್ಲಿ ಅಲ್ಲಿ ಪಾಸ್ತಾ ಕಸುಬಿನವರ ಸಂಘಕ್ಕೆ ಕಟ್ಟಳೆಗಳೂ ಆದವು.

ಇದಕ್ಕೆ ಬೇಕಾದ ಗೋಧಿ ಬೇರೆಯ ಜಾತಿ. ಹೆಸರು ಡ್ಯೂರಂ. ಚಪಾತಿಯ ಗೋಧಿಗಿಂತ ಗಟ್ಟಿ, ಹೊಂಬಣ್ಣ, ಒಡೆದರೆ ಹಿಟ್ಟಾಗುವ ಬದಲು ರವೆಯಾಗುತ್ತದೆ. ಉಪ್ಪಿಟ್ಟಿಗೆ ಬನ್ಸಿ ರವೆ ತರುತ್ತೇವಲ್ಲ, ಅದು ಡ್ಯೂರಂ ಗೋಧಿಯದೇ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿ ಇದನ್ನು ತಲೆಮಾರುಗಳಿಂದ ಬೆಳೆಯುತ್ತಾರೆ. ಅದರಲ್ಲಿರುವ ಪ್ರೋಟೀನು ಬಲವಾದ ಬಲೆ ಹೆಣೆದು ಪಿಷ್ಟವನ್ನು ಹಿಡಿದಿಡುವುದರಿಂದಲೇ ಪಾಸ್ತಾ ಕುದಿನೀರಿನಲ್ಲಿ ಗಂಜಿಯಾಗದೆ ನಿಲ್ಲುವುದು. ಹುಬ್ಬಳ್ಳಿ, ಧಾರವಾಡದ ಕಡೆ ಮದುವೆ ಮನೆಗಳಲ್ಲಿ ಹೆಂಗಸರು ಕೂತು ಶ್ಯಾವಿಗೆ, ಗವಲಿ, ಪರಡಿ ಎಂದು ಹೊಸೆಯುತ್ತಿದ್ದರಲ್ಲ, ಅದನ್ನು ಕಂಡವರಿಗೆ ಜಿನೋವಾದ ಪೂರ್ವಕ್ಕಿರುವ ಸೋರಿ, ರೆಕ್ಕೊ ಊರುಗಳ 'ತ್ರೊಫಿಯೆ' ಹೊಸದೆನಿಸದು. ಚಿಕ್ಕ ಹಿಟ್ಟಿನುಂಡೆಯನ್ನು ಹಲಗೆಯ ಮೇಲೆ ಅಂಗೈಯಂಚಿನಿಂದ ಎಳೆದರೆ ತಿರುಚಿದ ಬತ್ತಿಯಂಥ ತುಂಡು. ಸಾವಿರಗಟ್ಟಲೆ ತುಂಡುಗಳನ್ನು ಹೊಸೆಯುತ್ತಿದ್ದವರು ಅಲ್ಲಿಯೂ ಮನೆಯ ಹೆಂಗಸರೇ.

ಅರೆಯುವುದೋ, ತಿರುಗಿಸುವುದೋ?

ಇಲ್ಲಿ ಒಂದು ಜಗಳವಿದೆ. ಜಿನೋವಾದಲ್ಲಿ 2007ರಿಂದ ಎರಡು ವರ್ಷಕ್ಕೊಮ್ಮೆ ಪೆಸ್ತೊ ಅರೆಯುವ ವಿಶ್ವ ಸ್ಪರ್ಧೆ ನಡೆಯುತ್ತಾ ಬಂದಿದೆ. ನೂರು ಮಂದಿ ಸ್ಪರ್ಧಿಗಳು, ಅಮೃತಶಿಲೆಯ ಒರಳು, ಮರದ ಗುಂಡು. ಮಿಕ್ಸಿಗೆ ಪ್ರವೇಶವಿಲ್ಲ. ಕೈಯಲ್ಲಿ ಅರೆದದ್ದೇ ರುಚಿ ಎಂಬುದು ಅವರ ವಾದ, ಅದರಲ್ಲಿ ಹುರುಳೂ ಇದೆ. ಬೇಸಿಲ್ ಎಲೆಯ ಪರಿಮಳದ ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಜಜ್ಜಿದರೆ ಅವು ಒಡೆಯುತ್ತವೆ. ಅಲಗು ಎಲೆಯನ್ನು ಕತ್ತರಿಸುತ್ತದೆಯೇ ಹೊರತು ಜಜ್ಜುವುದಿಲ್ಲ, ಜೊತೆಗೆ ವೇಗಕ್ಕೆ ಬಿಸಿಯೂ ಗಾಳಿಯೂ ಸೇರುತ್ತವೆ. ಕತ್ತರಿಸಿದ ಸೇಬು ಕಪ್ಪಾಗುವಂತೆಯೇ ಗಾಳಿ ತಾಗಿದ ಎಲೆಯ ಕಿಣ್ವ ಅದನ್ನು ಕಂದು ಮಾಡುತ್ತದೆ. ಬೆಳ್ಳುಳ್ಳಿಯ ಘಾಟೂ ಹಾಗೆಯೇ. ಇಡೀ ಎಸಳಿಗೆ ವಾಸನೆಯಿಲ್ಲ, ಜಜ್ಜಿದಾಗ ಕಿಣ್ವ ಕೆಲಸ ಮಾಡಿ ಘಾಟು ಹುಟ್ಟುತ್ತದೆ.

ಇಷ್ಟೆಲ್ಲ ಓದಿಕೊಂಡು ಅಜ್ಜಿಯ ಕಾಲದ ಒರಳಿನ ಮುಂದೆ ಕೂತೆ. ಹದಿನೈದು ನಿಮಿಷಕ್ಕೆ ರಟ್ಟೆ ಸೋತಿತು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. 'ನಾಲ್ಕು ಜನಕ್ಕೆ ಒಂದು ದಿನ ಅರೆದರೆ ಕಥೆ ಬರೀಬಹುದು. ನಮ್ಮಮ್ಮ ಹನ್ನೆರಡು ಜನಕ್ಕೆ ದಿನಾ ಅರೀತಿದ್ದಳು' ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಇಡ್ಲಿಗೆ, ಸಾರಿಗೆ, ಚಟ್ನಿಗೆ ಅರೆದರೆದು ಗಂಟು ನೋವು ಹಿಡಿದ ಅಜ್ಜಿ ಮಿಕ್ಸಿ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿದ್ದಳಂತೆ. ಒರಳಿನ ರುಚಿಯನ್ನು ಹೊಗಳುವ ಲೇಖನಗಳನ್ನು ಬರೆಯುವವರು ಹೆಚ್ಚಾಗಿ ಅರೆದವರಲ್ಲ, ತಿಂದವರು. ನಾನೂ ಆ ಸಾಲಿನವನೇ. ಜಿನೋವಾದ ಮನೆಗಳಲ್ಲೂ ವಾರದ ದಿನ ತಿರುಗುವುದು ಯಂತ್ರವೇ ಎಂಬುದನ್ನು ಅಲ್ಲಿನವರೇ ಒಪ್ಪುತ್ತಾರೆ.

ಆದ್ದರಿಂದ ಮಿಕ್ಸಿಯಲ್ಲಿ ಮಾಡುವವರು ಸಂಕೋಚಪಡಬೇಕಿಲ್ಲ. ಜಾರನ್ನೂ ಎಣ್ಣೆಯನ್ನೂ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಒಂದೇ ಸಮನೆ ಓಡಿಸದೆ ಬಿಟ್ಟುಬಿಟ್ಟು ತಿರುಗಿಸಿ. ಒರಳೇ ಬೇಕೆನ್ನುವವರು ಅದನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಅವರದು ನುಣುಪಾದ ಅಮೃತಶಿಲೆ, ನಮ್ಮದು ಕಚ್ಚುಳ್ಳ ಕರಿಕಲ್ಲು. ನಿನ್ನೆಯ ಕೆಂಪುಚಟ್ನಿ ಅದರ ಕಚ್ಚುಗಳಲ್ಲಿ ಇನ್ನೂ ಇರುತ್ತದೆ.

ನಾಲ್ಕು ಜನರ ಊಟಕ್ಕೆ ನಾನು ತೆಗೆದುಕೊಂಡ ಅಳತೆ ಹೀಗೆ: ದಂಟು ತೆಗೆದ ಎಲೆ 60 ಗ್ರಾಂ, ಬೆಳ್ಳುಳ್ಳಿ ಒಂದೆರಡು ಎಸಳು, ಪೈನ್ ಬೀಜ 30 ಗ್ರಾಂ, ತುರಿದ ಚೀಸ್ 75 ಗ್ರಾಂ, ಆಲಿವ್ ಎಣ್ಣೆ 70 ಮಿಲಿಲೀಟರ್, ಚಿಟಿಕೆ ಕಲ್ಲುಪ್ಪು. ಎಲೆ ಎಳೆಯದಿರಲಿ, ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ಪೈನ್ ಬೀಜ ಎಂದರೆ ನಮ್ಮಲ್ಲಿ ಹಿಮಾಚಲದ ಕಿನ್ನೌರಿನಿಂದ ಬರುವ ಚಿಲ್ಗೋಜಾ, ಬೆಲೆ ಕೇಳಿದರೆ ಹಸಿವೆ ಅಡಗುತ್ತದೆ. ನಾನು ಗೋಡಂಬಿ ಹಾಕಿದೆ. ಇದು ಅಪಚಾರವೇನಲ್ಲ, ಯುರೋಪಿನ ಅಂಗಡಿಗಳಲ್ಲಿ ಸಿಗುವ ಅಗ್ಗದ ಬಾಟಲಿ ಪೆಸ್ತೊಗಳಲ್ಲೂ ಗೋಡಂಬಿಯೇ ಇರುತ್ತದೆ. ಅವರು ಹೇಳಿಕೊಳ್ಳುವುದು ಮಾತ್ರ ಲೇಬಲ್ಲಿನ ಹಿಂದೆ, ಸಣ್ಣಕ್ಷರದಲ್ಲಿ.

ಮೊದಲು ಬೆಳ್ಳುಳ್ಳಿ, ಬೀಜ. ಆಮೇಲೆ ಎಲೆ, ಉಪ್ಪು. ಗುದ್ದಬೇಡಿ, ಗುಂಡನ್ನು ಒರಳಿನ ಗೋಡೆಗೆ ಒತ್ತಿ ತಿರುವಿ. ಹಸಿರು ರಸ ಬಿಟ್ಟ ಮೇಲೆ ಚೀಸ್, ಕೊನೆಗೆ ಎಣ್ಣೆ.

ಅಷ್ಟರಲ್ಲಿ ದೊಡ್ಡ ಪಾತ್ರೆಯಲ್ಲಿ ನಾಲ್ಕು ಲೀಟರ್ ನೀರು ಕುದಿಯುತ್ತಿರಲಿ, ಲೀಟರಿಗೆ 10 ಗ್ರಾಂ ಉಪ್ಪು. ಪಾಸ್ತಾ 350 ಗ್ರಾಂ ಸಾಕು. ಅಲ್ಲಿನವರು ಬಳಸುವ ಚಪ್ಪಟೆ ಎಳೆಯ 'ತ್ರೆನೆತ್ತೆ' ಇಲ್ಲಿ ಸಿಗುವುದು ಅಪರೂಪ, ಲಿಂಗ್ವಿನಿ ಅಥವಾ ಸ್ಪಗೆಟ್ಟಿ ಆದೀತು. ಒಂದು ದೊಡ್ಡ ಆಲೂಗಡ್ಡೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ ಮೊದಲು ಹಾಕಿ. ಐದು ನಿಮಿಷದ ನಂತರ ಪಾಸ್ತಾ ಮತ್ತು ಬೆರಳುದ್ದ ಮುರಿದ ಒಂದು ಹಿಡಿ ಹುರುಳಿಕಾಯಿ. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲು ಬಾಯಿಗೆ ಹಾಕಿ ನೋಡಿ, ನಡುವೆ ಸ್ವಲ್ಪ ಕಚ್ಚುವಂತಿದ್ದರೆ ಹದ. ನೀರು ಬಸಿಯುವ ಮುನ್ನ ಒಂದು ಲೋಟ ತೆಗೆದಿಡುವುದನ್ನು ಮರೆಯಬೇಡಿ. ಪಿಷ್ಟ ಬಿಟ್ಟ ಆ ನೀರೇ ಎಣ್ಣೆ ಮತ್ತು ಚೀಸನ್ನು ಬೇರೆಬೇರೆಯಾಗದಂತೆ ಹಿಡಿದು ಎಳೆಗಳಿಗೆ ಮೆತ್ತಿಸುತ್ತದೆ. ಆಲೂಗಡ್ಡೆಯ ಅಂಚುಗಳು ಕರಗಿ ಅದೇ ಕೆಲಸಕ್ಕೆ ಕೈಜೋಡಿಸುತ್ತವೆ. ಒಲೆ ಆರಿಸಿದ ಮೇಲೆಯೇ ಪೆಸ್ತೊ ಕಲಸಬೇಕು, ಬಿಸಿ ತಾಗಿದರೆ ಹಸಿರೂ ಹೋಗುತ್ತದೆ, ಪರಿಮಳವೂ ಹೋಗುತ್ತದೆ.

ಅಂದಹಾಗೆ ಈ ಆಲೂಗಡ್ಡೆ, ಹುರುಳಿಕಾಯಿಗಳೆರಡೂ ಅಮೆರಿಕ ಖಂಡದವು. ಆ ಖಂಡಕ್ಕೆ ಯುರೋಪಿನ ಹಾದಿ ತೆರೆದ ಕೊಲಂಬಸ್ ಹುಟ್ಟಿದ್ದು ಜಿನೋವಾದಲ್ಲೇ, 1451ರಲ್ಲಿ. ಆದರೆ ಆಲೂಗಡ್ಡೆ ಬೆಳೆಯುತ್ತಿದ್ದ ಆಂಡೀಸ್ ಬೆಟ್ಟಗಳವರೆಗೆ ಆತ ಹೋಗಲೇ ಇಲ್ಲ. ತನ್ನ ಊರಿನ ರಾತ್ರಿಯೂಟವನ್ನು ಆತ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ.

ಜಿನೋವಾದ ಬೇಸಿಲ್‌ಗೆ ಹೆಸರಾದದ್ದು ನಗರದ ಪಶ್ಚಿಮಕ್ಕಿರುವ ಪ್ರಾ ಎಂಬ ಬಡಾವಣೆ. ಗುಡ್ಡದ ಮೆಟ್ಟಿಲುಗಳ ಮೇಲೆ ಗಾಜಿನ ಮನೆಗಳು, ಕೆಲಸಗಾರರು ಮಡಿಗಳ ಮೇಲೆ ಅಡ್ಡಹಾಕಿದ ಹಲಗೆಯ ಮೇಲೆ ಬಗ್ಗಿ ಕೂತು ಗೇಣುದ್ದವೂ ಇಲ್ಲದ ಗಿಡಗಳನ್ನು ಬೇರುಸಹಿತ ಕೀಳುತ್ತಾರೆ. 20ನೇ ಶತಮಾನದ ಕೊನೆಯ ದಶಕಗಳಲ್ಲಿ ಕಂಟೇನರ್ ಬಂದರು ಕಟ್ಟಿದಾಗ ಪ್ರಾ ತನ್ನ ಕಡಲದಂಡೆಯನ್ನು ಕಳೆದುಕೊಂಡಿತು, ಬೇಸಿಲ್ ಮಾತ್ರ ಉಳಿಯಿತು. 2005ರಲ್ಲಿ ಐರೋಪ್ಯ ಒಕ್ಕೂಟ ಜಿನೋವಾದ ಬೇಸಿಲ್‌ಗೆ ಮೂಲಸ್ಥಳದ ರಕ್ಷಣೆ ಕೊಟ್ಟಿತು, ನಮ್ಮ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಸಿಕ್ಕ ಭೌಗೋಳಿಕ ಗುರುತಿನಂತೆ. ರಕ್ಷಣೆ ಸಿಕ್ಕಿರುವುದು ಎಲೆಗೆ. ಪೆಸ್ತೊ ಎಂಬ ಹೆಸರನ್ನು ಯಾವ ಊರಿನ ಯಾವ ಕಾರ್ಖಾನೆಯಾದರೂ ಹಾಕಿಕೊಳ್ಳಬಹುದು. 2017ರಲ್ಲಿ ಜಿನೋವಾದ ವಿಮಾನ ನಿಲ್ದಾಣದವರು ಒಂದು ಉಪಾಯ ಮಾಡಿದರು. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ದ್ರವ ಒಯ್ಯುವಂತಿಲ್ಲ ಎಂಬ ನಿಯಮಕ್ಕೆ ಸಿಕ್ಕಿ ತಪಾಸಣೆಯಲ್ಲಿ ಬಾಟಲಿಗಟ್ಟಲೆ ಪೆಸ್ತೊ ಕಸದ ಬುಟ್ಟಿ ಸೇರುತ್ತಿತ್ತು. ಕಾಯಿಲೆಯ ಮಕ್ಕಳ ವಿಮಾನ ಪ್ರಯಾಣಕ್ಕೆ ನೆರವಾಗುವ ಸಂಸ್ಥೆಗೆ ಸಣ್ಣ ದೇಣಿಗೆ ಕೊಟ್ಟರೆ 500 ಗ್ರಾಂವರೆಗಿನ ಬಾಟಲಿ ಒಯ್ಯಬಹುದು ಎಂದರು. ನಮ್ಮ ಉಪ್ಪಿನಕಾಯಿಗೆ ಇಂಥ ಯೋಗ ಯಾವಾಗ ಬಂದೀತೋ.

ತಾಯಿ ಎರಡನೇ ಸಲ ಬಡಿಸಿಕೊಂಡರು. 'ಚಟ್ನಿ ಚೆನ್ನಾಗಿದೆ, ಒಂದು ಹಸಿಮೆಣಸಿನಕಾಯಿ ಹಾಕಬೇಕಿತ್ತು' ಎಂದರು. ಉಳಿದದ್ದನ್ನು ಶೀಷೆಗೆ ಹಾಕಿ ಮೇಲೊಂದು ಪದರ ಎಣ್ಣೆ ಹೊಯ್ದು ಫ್ರಿಜ್ಜಿನಲ್ಲಿಟ್ಟೆ. ಹೀಗಿಟ್ಟದ್ದನ್ನು ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ಎಣ್ಣೆಯೊಳಗಿನ ಹಸಿ ಬೆಳ್ಳುಳ್ಳಿಯನ್ನು ಹೊರಗಿಟ್ಟರೆ ಅಪಾಯಕಾರಿ ವಿಷಜೀವಿ ಬೆಳೆಯಬಹುದು. ಕಟ್ಟಿನಲ್ಲಿ ಬೇರು ಸಹಿತವಾಗಿದ್ದ ಎರಡು ಗಿಡಗಳನ್ನು ಕುಂಡದಲ್ಲಿ ನೆಟ್ಟಿದ್ದೇನೆ. ಎಲೆ ಬೇಕಾದರೆ ಹೂವಿನ ತುದಿಯನ್ನು ಚಿವುಟುತ್ತಿರಬೇಕು. ಒಂದನ್ನು ಹಾಗೆ ಚಿವುಟುತ್ತಿದ್ದೇನೆ. ಇನ್ನೊಂದನ್ನು ಮುಟ್ಟಬೇಡ ಎಂದು ತಾಯಿ ಹೇಳಿದ್ದಾರೆ. ಬೇಸಗೆಯ ಪಾನಕಕ್ಕೆ ಅವರಿಗೆ ಅದರ ಬೀಜ ಬೇಕಂತೆ.